ಸೊನ್ನೆ ಪರ್ಸೆಂಟ್

ಗಜು ಮೊಬೈಲ್ ಮೇಜಿನ ಮೇಲಿಟ್ಟು ಬನ್ಸ್ ಮುರಿದ. "ತರಕಾರಿ ಸರ್ವೆ, ಮೂವತ್ತು ಮನೆ ಮುಗೀತು ಸುಬ್ರಾಯಣ್ಣ. ತರಕಾರಿಗೆ ಒಬ್ಬರೂ ರಾಸಾಯನಿಕ ಹಾಕೋದಿಲ್ಲ. ಕುಮಟಾ ತಾಲೂಕು ಪೂರ್ತಿ ಸಾವಯವ!"

"ಎಂತ ಕೇಳಿದೆ?"

"ಆ್ಯಪಿನಲ್ಲಿ ಇದ್ದದ್ದೇ. ‘ತಾವು ರಾಸಾಯನಿಕ ಗೊಬ್ಬರ ಬಳಸುವಿರಾ?’"

"‘ಸರಕಾರಿ ಗೊಬ್ಬರ ಹಾಕ್ತೀರಾ’ ಅಂತ ಕೇಳು ಮಾರಾಯ. ಮೂವತ್ತಕ್ಕೆ ಮೂವತ್ತೂ ಹೌದು."

"ಕೀಟನಾಶಕ?" ಮಾಸ್ತರ್ರು ಚಾ ಹೀರಿದರು.

"ಇಲ್ಲವೇ ಇಲ್ಲ. ಮದ್ದು ಹೊಡೀತೇವೆ ಅಂದ್ರು. ಮದ್ದು ಒಳ್ಳೇದೇ ಅಲ್ವಾ ಅಂತ ‘ಇಲ್ಲ’ ಒತ್ತಿದೆ. ಟ್ಯಾಂಕಿಗೆ ಎರಡು ಮುಚ್ಚಳವಂತೆ. ಆ್ಯಪ್ ಮಿಲಿ ಕೇಳ್ತದೆ, ಎರಡು ಅಂತ ಬರ್ದೆ."

"ಬಾಟ್ಲಿಗೊಂದು ಅಳತೆಯ ಮುಚ್ಚಳ ಇರ್ತದೆ," ಅಂದ ಸುಬ್ರಾಯ. " ಆ ಮುಚ್ಚಳದಲ್ಲೇ ನೀರು ಹಿಡಿಸಿ ಸಿರಿಂಜಿನಿಂದ ಎಳೆದು ನೋಡು. ಟ್ಯಾಂಕ್ 16 ಲೀಟರಿಂದೋ ಸಣ್ಣದೋ, ಒಂದು ಸಲಕ್ಕೆ ಎಷ್ಟು ಟ್ಯಾಂಕ್, ಅದೂ ಬೇಕು. ಹೆಸರು ಕೇಳಿದ್ರೆ ‘ಅಂಗಡಿಯವ ಕೊಟ್ಟದ್ದು’ ಅಂತಾರೆ. ಖಾಲಿ ಬಾಟ್ಲಿ ತರಿಸಿ ಲೇಬಲ್ ಓದು. ಮೊನೊಕ್ರೊಟೊಫಾಸ್ ಕಂಡ್ರೆ ಬಿಡಬೇಡ, ತರಕಾರಿಗೆ ಅದು 2005ರಿಂದಲೇ ನಿಷಿದ್ಧ. ಹೆಸರು ಹರಿದುಹೋಗಿದ್ರೆ ವಿಷ ಎಷ್ಟು ಅಂತ ತೋರಿಸೋ ತ್ರಿಕೋನದ ಬಣ್ಣವಾದ್ರೂ ನೋಡು. ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು."

"ಹಸಿರು ಅಂದ್ರೆ ಸಾವಯವ!"

"ಹಸಿರೂ ವಿಷವೇ. ಸ್ವಲ್ಪ ಸಾವಧಾನದ್ದು."

ಮಾಸ್ತರ್ರಿಗೆ ಗಜುವಿನ ಮೇಲೆ ಕನಿಕರ ಬಂತು. "ಹೊಡೆದು ಎಷ್ಟು ದಿನಕ್ಕೆ ಕೊಯ್ತಾರೆ ಅಂತಾದ್ರೂ ಕೇಳಿದ್ದಾನೆ ಬಿಡು."

"ಎಲ್ಲರೂ ಎಂಟು ದಿನ ಅಂದ್ರು!"

"ಎಂಟು ದಿನ ಬಿಟ್ಟ ಬೆಂಡೆ ತರಕಾರಿ ಅಲ್ಲ, ಬಡಿಗೆ. ಕೊಯ್ಲು ಎಷ್ಟು ದಿನಕ್ಕೊಮ್ಮೆ ಅಂತ ಮೊದಲು ಕೇಳು, ‘ದಿನ ಬಿಟ್ಟು ದಿನ’ ಅಂತಾರೆ. ನಾಲ್ಕು ಪ್ರಶ್ನೆ ಬಿಟ್ಟು, ಮದ್ದು ಹೊಡೆದದ್ದು ಯಾವಾಗ ಅಂತ ಕೇಳು. ಲೆಕ್ಕ ನೀನು ಹಾಕು, ಅವರ ಹತ್ರ ಹಾಕಿಸಬೇಡ. ಅಂದ ಹಾಗೆ, ಜಾಗ ಎಷ್ಟಂತೆ?"

"ಎಲ್ಲರದ್ದೂ ಎರಡೇ ಗುಂಟೆ."

ಮಾಸ್ತರ್ರಿಗೆ ಚಾ ನೆತ್ತಿಗೇರಿತು. "‘ಸರ್ವೆಗೆ ಬಂದಿದ್ದೇನೆ’ ಅಂದ್ಯೇನೋ? ಈ ಜಿಲ್ಲೇಲಿ ಸರ್ವೆ ಅಂದ್ರೆ ಅತಿಕ್ರಮಣ ಅಳೀಲಿಕ್ಕೆ ಬಂದ ಹಾಗೆ!"

"ನಗುವ ಮಾತಲ್ಲ ಮಾಸ್ತರ್ರೇ. 45 ಕೆಜಿಯ ಒಂದು ಚೀಲ ಯೂರಿಯಾ ಹತ್ತು ಗುಂಟೆಗೆ ಹಾಕಿದ್ರೆ ಎಕರೆಗೆ 180 ಕೆಜಿ. ಹೆದರಿ ಎರಡು ಗುಂಟೆ ಅಂದನೋ, 900! ನೂರಕ್ಕೆ 46 ಸಾರಜನಕ, ಅಂದ್ರೆ ಎಕರೆಗೆ 414 ಕೆಜಿ. ಗಿಡ ಸುಟ್ಟುಹೋಗ್ತದೆ, ವರದಿ ಉಳೀತದೆ. ಹೋಗಿ ಸಾಲು ಎಣಿಸಿದ್ರೆ ಮುಗೀತು."

"ಸಾಲೇ ಇರ್ಲಿಲ್ಲ. ಬರೀ ಭತ್ತದ ನಾಟಿ."

"ಗದ್ದೆ ಕೊಯ್ದಮೇಲೆ ಬೆಳೆಯೋ ತರಕಾರಿ ಜುಲೈಯಲ್ಲಿ ಎಲ್ಲಿರ್ತದೆ? ಉತ್ತರ ಕೊಟ್ಟವರು ಯಾರು?"

"ಯಜಮಾನ್ರು. ಗೋವಾದಲ್ಲಿ ಕೆಲಸ, ರಜೆಗೆ ಬಂದಿದ್ರು."

"ಗೊಬ್ಬರ ಹಾಕಿದ್ದು?"

ಗಜು ಮೊಬೈಲ್ ಮೇಲೆ ಕೆಳಗೆ ಸರಿಸಿದ. "ಆ ಪ್ರಶ್ನೆ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವರ ಹೆಂಡ್ತಿ ಇರ್ಬೇಕು. ಚಾ ತಂದಿಟ್ರು, ಬೆರಳೆಲ್ಲ ಬಿರಿದಿತ್ತು. ಹೊರಡುವಾಗ ಅಟ್ಟದಿಂದ ಒಂದು ಮೊಗೆಕಾಯಿ ಇಳಿಸಿ ಕೊಟ್ರು. ‘ಮದ್ದು ಹೊಡೆದದ್ದಲ್ಲ ತಮ್ಮಾ, ಇದು ನಮಗೇ ಅಂತ ಬೆಳೆದದ್ದು’ ಅಂದ್ರು."

ಸುಬ್ರಾಯ ಲೋಟ ಕೆಳಗಿಟ್ಟ. "ಅದನ್ನು ಬರ್ಕೊಂಡ್ಯಾ?"

"ಇಲ್ಲ. ಹುಳಿ ಮಾಡಿದ್ವಿ."