ಎರಿಚೆಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಮೈಸೂರಿನಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಸಿಸಿಲಿಗೆ ಹೋಗೋಣ ಅಂತಿದ್ದೇವೆ. ತಾವೊರ್ಮಿನಾ ಥರ ಗಿಜಿಗುಡುವ ಜಾಗ ಬೇಡ. ಟ್ರಾಪಾನಿ ಪಕ್ಕದ ಬೆಟ್ಟದ ಮೇಲಿರುವ ಎರಿಚೆ ಹೇಗೆ? ಅಮ್ಮನಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಆಗುವುದಿಲ್ಲ. ಮೇಲೆಯೇ ಉಳಿಯಬೇಕಾ, ಬೆಳಿಗ್ಗೆ ಹೋಗಿ ಸಂಜೆ ಇಳಿದರೆ ಸಾಕಾ?

ಮಿಲಾನ್‌ನಿಂದ ಒಬ್ಬರು: ಒಂದು ರಾತ್ರಿಯಾದರೂ ಮೇಲೆ ಉಳಿಯಿರಿ. ಹಗಲಲ್ಲಿ ಎರಿಚೆ ನೀವಂದುಕೊಂಡಷ್ಟು ಶಾಂತ ಅಲ್ಲ. ಕೇಬಲ್ ಕಾರಿನಲ್ಲಿ, ಬಸ್ಸಿನಲ್ಲಿ ಜನ ಬರುತ್ತಲೇ ಇರುತ್ತಾರೆ, ಮೇನ್ ಬೀದಿಯ ತುಂಬ ಅಂಗಡಿ. ಸಂಜೆ ಅವರೆಲ್ಲ ಇಳಿದ ಮೇಲೆ ನೋಡಬೇಕು ಆ ಊರನ್ನು. ಗೋಡೆಯೊಳಗಿನ ಹಳೇ ಊರಲ್ಲಿ ಕಾಯಂ ಇರುವವರು ಕಡಿಮೆ. ಹೆಸರಿಗೆ ಎರಿಚೆಯವರು, ಹೆಚ್ಚಿನವರ ಮನೆ ಕೆಳಗೆ ಟ್ರಾಪಾನಿಗೆ ಅಂಟಿಕೊಂಡಿರುವ ಕಾಸಾ ಸಾಂಟಾದಲ್ಲಿ!

ಮಂಡಿಯ ವಿಷಯ ಮಾತ್ರ ಯೋಚಿಸಿ. ಊರಿಗೆ ಊರೇ ಏರು-ಇಳಿಜಾರು. ಬೀದಿಗೆ ಹಾಸಿದ ಕಲ್ಲು ಸವೆದು ನುಣುಪಾಗಿದೆ, ಒದ್ದೆಯಾದರೆ ಜಾರುತ್ತದೆ. ಕೇಬಲ್ ಕಾರಿನಿಂದ ಇಳಿದ ಕೂಡಲೇ ಪೋರ್ಟಾ ಟ್ರಾಪಾನಿ ಅನ್ನುವ ಹಳೇ ಹೆಬ್ಬಾಗಿಲು. ಅದರ ಹತ್ತಿರವೇ 14ನೇ ಶತಮಾನದ ದೊಡ್ಡ ಚರ್ಚು, ಗಂಟೆಗೋಪುರ ಪಕ್ಕದಲ್ಲಿ ಬೇರೆಯಾಗಿ ನಿಂತಿದೆ. ಅಷ್ಟನ್ನು ಅಮ್ಮ ಆರಾಮಾಗಿ ನೋಡಬಹುದು. ಕೋಟೆ ಊರಿನ ಇನ್ನೊಂದು ತುದಿ. ಹಿಂದೆ ಆ ಬಂಡೆಯ ಮೇಲೆ ವೀನಸ್ ದೇವಿಯ ಗುಡಿ ಇತ್ತು, ನಾರ್ಮನ್ನರು ಅದೇ ಜಾಗದಲ್ಲಿ ಕೋಟೆ ಕಟ್ಟಿದರು. ಗುಡಿ ಕಾಣುತ್ತದೆ ಅಂದುಕೊಂಡು ಹೋಗಬೇಡಿ, ಉಳಿದಿರುವುದು ಚೂರುಪಾರು. ಕೋಟೆಗಿಂತ ಅದರ ಪಕ್ಕದ ಬಾಲಿಯೋ ಉದ್ಯಾನವೇ ನನಗೆ ಇಷ್ಟ. ಟಿಕೆಟ್ ಇಲ್ಲ, ಕೂರಲು ಬೆಂಚುಗಳಿವೆ, ಉತ್ತರಕ್ಕೆ ಕಡಲಂಚಿನ ಮೌಂಟ್ ಕೊಫಾನೊ ಕಾಣುತ್ತದೆ.

ಬೆಂಗಳೂರಿನಿಂದ ಒಬ್ಬರು: ನನ್ನದು ಉಲ್ಟಾ ಸಲಹೆ. ಟ್ರಾಪಾನಿಯಲ್ಲೇ ರೂಮು ಮಾಡಿ. ಎರಿಚೆ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ಸಮುದ್ರದ ಪಕ್ಕದಲ್ಲೇ ಎದ್ದ ಒಂಟಿ ಬೆಟ್ಟ. ಕೆಳಗೆ ಬಿಸಿಲು ಸುಡುತ್ತಿರುವಾಗಲೂ ಮೇಲೆ ಮಡಿಕೇರಿ ಥರ ಮಂಜು ಮುಚ್ಚಿಕೊಂಡಿರುತ್ತದೆ. ನಾವು ಹೋದಾಗ ಎಗಾಡಿ ದ್ವೀಪಗಳೂ ಇಲ್ಲ, ಉಪ್ಪಿನ ಆಗರಗಳೂ ಇಲ್ಲ, ಎದುರಿನ ಮನೆಯೇ ಸರಿಯಾಗಿ ಕಾಣಲಿಲ್ಲ. ಕೆಳಗಿದ್ದರೆ ಬೆಳಿಗ್ಗೆ ತಲೆಯೆತ್ತಿ ನೋಡಿ, ಬೆಟ್ಟ ತೆರೆದುಕೊಂಡಿದ್ದರೆ ಹತ್ತಬಹುದು. ಟ್ರಾಪಾನಿ ಸಮತಟ್ಟು ಊರು, ಮಂಡಿಗೂ ಒಳ್ಳೆಯದು. ದಕ್ಷಿಣಕ್ಕೆ ಗಾಳಿಯಂತ್ರಗಳಿರುವ ಉಪ್ಪಿನ ಆಗರಗಳಿಗೆ ಸಂಜೆ ಹೊತ್ತು ಹೋಗಿ. ನನ್ನ ಲೆಕ್ಕದಲ್ಲಿ ಅದು ಎರಿಚೆಗಿಂತ ಒಂದು ಕೈ ಮೇಲು, ಬೈದರೂ ಪರವಾಗಿಲ್ಲ.

ರೋಮ್‌ನಿಂದ ಒಬ್ಬರು: ಊಟದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬುಸಿಯಾತೆ ಅನ್ನುವ ಸುರುಳಿ ಪಾಸ್ತಾ ಅಲ್ಲಿಯದು. ಅದನ್ನು ಮಾಡುವುದು ಗೋಧಿ ರವೆಹಿಟ್ಟು, ನೀರಿನಲ್ಲಿ. ಆದರೂ ಮೊಟ್ಟೆ ಇಲ್ಲ ತಾನೆ ಅಂತ ಒಂದು ಮಾತು ಕೇಳಿ. ಜೊತೆಗೆ ಪೆಸ್ತೊ ಟ್ರಾಪಾನೆಸೆ ಹೇಳಿ: ಬಾದಾಮಿ, ಟೊಮ್ಯಾಟೊ, ಬೆಳ್ಳುಳ್ಳಿ, ತುಳಸಿಯ ಜಾತಿಯ ಬೆಸಿಲ್. ನಮ್ಮ ಚಟ್ನಿ ತಿಂದವರಿಗೆ ಹಿಡಿಸುತ್ತದೆ. ಬದನೆಕಾಯಿಯ ಹುಳಿ-ಸಿಹಿ ಕಪೊನಾತಾ ಕೂಡ ಸರಿ. ಗೋಧಿ ರವೆಯಲ್ಲಿ ಮಾಡುವ ಕುಸ್‌ಕುಸ್ ಬೇಡ, ಟ್ರಾಪಾನಿಯಲ್ಲಿ ಅದಕ್ಕೆ ಮೀನಿನ ಸಾರು. ರಿಯಾನಾತಾ ಅನ್ನುವ ಪಿಜ್ಜಾದಲ್ಲೂ ಸಣ್ಣ ಮೀನು ಸೇರಿರುತ್ತದೆ. "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಉವೊವಾ" ಅನ್ನಿ, ಅಂದರೆ ಮಾಂಸ, ಮೀನು, ಮೊಟ್ಟೆ ಬೇಡ. ಬರೀ ಸಸ್ಯಾಹಾರಿ ಅಂದರೆ ಕೆಲವರು ಮೀನು ತಂದಿಡುತ್ತಾರೆ.

ಎರಿಚೆಯ ಹೆಸರಾಂತ ಸಿಹಿ ಜೆನೊವೇಸೆ, ಒಳಗೆ ಬಿಸಿ ಕಸ್ಟರ್ಡ್. ಅದರಲ್ಲಿ ಮೊಟ್ಟೆ ಇದೆ, ಅದು ನಿಮ್ಮ ಪಾಲಿಗೆ. ಮರಿಯಾ ಗ್ರಮಾತಿಕೊ ಅವರ ಅಂಗಡಿಯಲ್ಲಿ ತಿನ್ನಿ. ಚಿಕ್ಕ ವಯಸ್ಸಿನಲ್ಲಿ ಮಠದ ಅನಾಥಾಲಯದಲ್ಲಿದ್ದಾಗ ಸನ್ಯಾಸಿನಿಯರ ಹತ್ತಿರ ಈ ಕೆಲಸ ಕಲಿತವರು ಅವರು. ಅಪ್ಪ-ಅಮ್ಮನಿಗೆ ಬಾದಾಮಿ ಹಿಟ್ಟಿನಲ್ಲಿ ಮಾಡಿದ ಹಣ್ಣಿನ ಆಕಾರದ ಮಿಠಾಯಿ ಸಿಗುತ್ತದೆ. ಕೊಳ್ಳುವ ಮುಂಚೆ ಮೊಟ್ಟೆ ಇದೆಯಾ ಕೇಳಿ.

ಪುಣೆಯಿಂದ ಒಬ್ಬರು: ನಾನು ಹೋಗಿದ್ದು ಭೌತಶಾಸ್ತ್ರದ ಸಮ್ಮೇಳನಕ್ಕೆ. ಅಲ್ಲಿನ ಹಳೇ ಮಠಗಳಲ್ಲೇ ಎತ್ತೊರೆ ಮಯೊರಾನಾ ಹೆಸರಿನ ವಿಜ್ಞಾನ ಕೇಂದ್ರ ಇದೆ, 1938ರಲ್ಲಿ ಕಣ್ಮರೆಯಾದ ಸಿಸಿಲಿಯ ವಿಜ್ಞಾನಿ ಆತ. ಸಮ್ಮೇಳನ ನಡೆಯುವಾಗ ರೂಮು ಬೇಗ ತುಂಬಬಹುದು, ಮೇಲೆ ಉಳಿಯುವುದಾದರೆ ಮುಂಚೆಯೇ ಕಾದಿರಿಸಿ. ಬೆಚ್ಚಗಿನ ಸ್ವೆಟರ್ ಇರಲಿ, ಬೇಸಿಗೆಯಲ್ಲೂ ರಾತ್ರಿ ಗಾಳಿ ಜೋರು.

ಮಿಲಾನ್‌ನವರು ಮತ್ತೆ: ಮಂಜಿನ ಮಾತು ನಿಜ, ಒಪ್ಪಿದೆ. ಹಾಗಾದರೆ ಹೀಗೆ ಮಾಡಿ. ಟ್ರಾಪಾನಿಯಲ್ಲಿ ರೂಮು ಮಾಡಿ, ಆಕಾಶ ತಿಳಿಯಾಗಿರುವ ದಿನ ಮಧ್ಯಾಹ್ನ ಮೂರರ ಮೇಲೆ ಹತ್ತಿ. ಗುಂಪು ಇಳಿಯುವ ಹೊತ್ತಿಗೆ ನೀವು ಮೇಲಿರುತ್ತೀರಿ. ಕೇಬಲ್ ಕಾರ್ ಹತ್ತು ನಿಮಿಷದ ದಾರಿ. ಆದರೆ ಗಾಳಿ ಜಾಸ್ತಿಯಾದರೆ ನಿಲ್ಲಿಸಿಬಿಡುತ್ತಾರೆ, ಚಳಿಗಾಲದಲ್ಲಿ ಕೆಲವು ವಾರ ಮುಚ್ಚಿಯೂ ಇರುತ್ತದೆ. ಹತ್ತುವ ಮುಂಚೆ ಕೊನೆಯ ಕಾರ್ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಟ್ರಾಪಾನಿಯ ಒಂದು ಟ್ಯಾಕ್ಸಿ ನಂಬರ್ ಫೋನಿನಲ್ಲಿರಲಿ.