ಪದಚರ್ಚೆ: ಮೋಟಾರ್‌ಹೋಮ್ ‘ಮುಚ್ಚಿ ಇಡಿ’ ಅಂತ ಬರೆದು ಸಿಕ್ಕಾಕೊಂಡೆ. ಹೊದಿಕೆನಾ, ಗವಸಾ, ಇನ್ನೇನಾದ್ರೂ ಇದ್ಯಾ?

ಎಲ್ರಿಗೂ ನಮಸ್ಕಾರ,

ಒಂದೇ ಒಂದು ಪದ ಕೇಳೋಣ ಅಂತ ಬರೆಯೋಕೆ ಕೂತೆ, ಅದು ಈಗ ಏಳೆಂಟಾಗಿದೆ, ಹಾಗಾಗಿ ಮೇಲ್ ಸ್ವಲ್ಪ ಉದ್ದ ಆಗುತ್ತೆ, ಮೊದ್ಲೇ ಹೇಳ್ಬಿಡ್ತೀನಿ.

ಮೋಟಾರ್‌ಹೋಮ್ (ಒಳಗೇ ಹಾಸಿಗೆ, ಫ್ರಿಜ್ ಎಲ್ಲ ಇರೋ ಮನೆಯಂಥ ಗಾಡಿ) ಇಟ್ಕೊಂಡಿರೋರಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೀತಿದ್ದೀನಿ. ಒಂದು ಪ್ರವಾಸ ಮುಗಿಸಿ ಬಂದು ಇನ್ನೊಂದಕ್ಕೆ ಹೊರಡೋ ತನಕ ಗಾಡಿ ತಿಂಗಳುಗಟ್ಲೆ ಸುಮ್ನೆ ನಿಂತಿರುತ್ತಲ್ಲ, ಆಗ ಬಿಸಿಲು ಮಳೆ ಧೂಳು ಇವುಗಳಿಂದ ಅದನ್ನ ಕಾಪಾಡೋದು ಹೇಗೆ ಅನ್ನೋದಷ್ಟೇ ವಿಷಯ. ಮೊದಲ ಕರಡಲ್ಲಿ ಒಂದು ಸಾಲು ಹೀಗಿತ್ತು: ‘ಗಾಡಿಯನ್ನು ಚೆನ್ನಾಗಿ ತೊಳೆದು ಪೂರ್ತಿಯಾಗಿ ಮುಚ್ಚಿ ಇಡಿ.’ ಸ್ನೇಹಿತರೊಬ್ರು ಅದನ್ನ ಓದಿ ಅಕ್ಷರಕ್ಕೆ ಅಕ್ಷರ ಪಾಲಿಸಿದ್ರು. ತೊಳೆದ್ರು, ಮೈ ಪೂರ್ತಿ ಒಣಗೋಕೆ ಮುಂಚೆನೇ ಚಾವಣಿ ಮೇಲಿನ ಗಾಳಿಕಿಂಡಿ ಎರಡೂ ಮುಚ್ಚಿದ್ರು, ಕಿಟಕಿ ಮುಚ್ಚಿದ್ರು, ಫ್ರಿಜ್ ಬಾಗಿಲೂ ಮುಚ್ಚಿದ್ರು, ಆಮೇಲೆ ಮೇಲೊಂದು ದಪ್ಪ ಪ್ಲಾಸ್ಟಿಕ್ ಟಾರ್ಪಾಲು ಎಳೆದು ಹಗ್ಗ ಹಾಕಿ ಬಿಗಿದ್ರು. ಮೂರು ತಿಂಗಳು ಬಿಟ್ಟು ಬಾಗಿಲು ತೆಗೆದ್ರೆ ಮುಖಕ್ಕೆ ರಪ್ ಅಂತ ಹೊಡೆಯೋ ವಾಸನೆ, ಹಾಸಿಗೆ ಎತ್ತಿದ್ರೆ ಅಡಿಯ ಹಲಗೆ ಮೇಲೆ ಕಾಸಗಲದ ಹಸಿರುಗಪ್ಪು ಮಚ್ಚೆಗಳು, ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆಯೊಳಗೆಲ್ಲ ಕಪ್ಪು ಗೆರೆ. ಫೋನ್ ಮಾಡಿ ‘ನೀವೇ ತಾನೆ ಮುಚ್ಚಿ ಅಂದಿದ್ದು’ ಅಂದ್ರು. ಹೌದು, ನಾನೇ ಅಂದಿದ್ದು.

ಆವತ್ತಿಂದ ‘ಮುಚ್ಚು’ ಅನ್ನೋ ಪದನ ತಿರುಗಿಸಿ ಮುರುಗಿಸಿ ನೋಡ್ತಿದ್ದೀನಿ. ಬಾಗಿಲು ಮುಚ್ಚು, ಕಣ್ಣು ಮುಚ್ಚು, ಬಾಯಿ ಮುಚ್ಚು, ಗುಂಡಿ ಮುಚ್ಚು, ಪಾತ್ರೆ ಮುಚ್ಚು, ಅಂಗಡಿ ಮುಚ್ಚು, ಹಗರಣ ಮುಚ್ಚಿಹಾಕು. ಎಲ್ಲದರಲ್ಲೂ ಒಂದೇ ಹಠ, ಒಳಗಿಂದು ಹೊರಗೆ ಬರಬಾರದು, ಹೊರಗಿಂದು ಒಳಗೆ ಹೋಗಬಾರದು. ಮೇಲೆ ಏನೋ ಹಾಕೋದಕ್ಕೂ ದಾರಿ ಬಂದ್ ಮಾಡೋದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ನನಗೆ ಬೇಕಾಗಿರೋದು ಬಿಸಿಲಿಗೆ ಮಾತ್ರ ಬಾಗಿಲು ಹಾಕಿ ಗಾಳಿಗೆ ಬಾಗಿಲು ತೆಗೆದಿಡೋ ಪದ. ಗಾಡಿಗೆ ಮೇಲಿಂದ ಕವರ್ ಹಾಕಬೇಕು, ಆದ್ರೆ ಗಾಳಿಕಿಂಡಿ ಒಂದು ಬೆರಳಷ್ಟಾದ್ರೂ ತೆಗೆದಿರ್ಬೇಕು, ಕಪಾಟುಗಳ ಬಾಗಿಲು ತೆಗೆದಿರ್ಬೇಕು, ಫ್ರಿಜ್ ಬಾಗಿಲಿಗೆ ಏನಾದ್ರೂ ಅಡ್ಡ ಸಿಗಿಸಿ ಅರ್ಧ ತೆಗೆದಿಡ್ಬೇಕು. ಹೀಗೆ ಅರ್ಧ ತೆಗೆದಿಡೋದಕ್ಕೆ ‘ಓರೆ ಮಾಡು’ ಅನ್ನೋ ಚೆಂದದ ಪದ ಇದೆ, ಬಾಗಿಲು ಓರೆ ಮಾಡಿ ಇಡಿ ಅಂದ್ರೆ ಯಾರಿಗೂ ಅನುಮಾನ ಬರಲ್ಲ, ಅದೊಂದು ಬಚಾವ್.

ಕವರ್‌ಗೆ ಏನನ್ನೋಣ? ಸುಮ್ನೆ ಕವರ್ ಅಂತಲೇ ಇಟ್ರೆ ಎಲ್ರಿಗೂ ಗೊತ್ತಾಗುತ್ತೆ ನಿಜ, ಆದ್ರೆ ನಮ್ಮ ಬಾಯಲ್ಲಿ ಕವರ್ ಅಂದ್ರೆ ಪ್ಲಾಸ್ಟಿಕ್ ಚೀಲ ಕೂಡ. ಮತ್ತೆ ಪ್ಲಾಸ್ಟಿಕ್‌ಗೇ ಬಂದು ನಿಲ್ತೀವಿ. ‘ಮುಸುಕು’ ಮುಖಕ್ಕೆ ಹಾಕೋದು, ಅದ್ರಲ್ಲಿ ಕಳ್ಳತನದ ವಾಸನೆ ಇದೆ. ‘ಹೊದಿಕೆ’ ಪರವಾಗಿಲ್ಲ, ಹೊದ್ದು ಮಲಗಿದೋರು ಉಸಿರಾಡ್ತಾನೇ ಇರ್ತಾರೆ, ಆ ಧ್ವನಿ ನನಗೆ ಬೇಕು. ಆದ್ರೆ ಹೊದಿಕೆ ಅಂದ್ರೆ ಸಡಿಲ, ಮೇಲಿಂದ ಎಸೆದಂಗೆ, ಕಾಲ ಕಡೆ ಜಾರಿ ಹೋಗೋದು. ಗಾಡಿ ಮೇಲೆ ಸಡಿಲ ಬಟ್ಟೆ ಬಹಳ ಅಪಾಯ, ಗಾಳಿ ಬಂದಾಗ ಪಟಪಟ ಬಡಿದು ನಡುವೆ ಸಿಕ್ಕ ಧೂಳು ಉಪ್ಪುಕಾಗದದ ಕೆಲಸ ಮಾಡಿ, ಬಿಸಿಲಿಂದ ಕಾಪಾಡೋಕೆ ಅಂತ ಹಾಕಿದ್ದೇ ಪೇಂಟ್ ಉಜ್ಜಿ ತೆಗೆಯುತ್ತೆ. ಹಾಗಾಗಿ ಅಳತೆಗೆ ಹೊಲಿದು, ಕೆಳಗೆ ಪಟ್ಟಿ ಹಾಕಿ ಬಿಗಿಯೋ ತರದ್ದೇ ಆಗ್ಬೇಕು.

ಆಗ ಹೊಳೆದಿದ್ದು ‘ಗವಸು’. ದಿಂಬಿನ ಗವಸು, ಕೈಗವಸು, ವೀಣೆಗೆ ಹಾಕೋ ಗವಸು. ಒಳಗಿರೋ ವಸ್ತುವಿನ ಆಕಾರಕ್ಕೆ ಸರಿಯಾಗಿ ಹೊಲಿದಿರುತ್ತೆ, ತೊಡಿಸಬೇಕು, ಕಳಚಬೇಕು, ಬಟ್ಟೆಯದು. ನನಗೆ ಬೇಕಾದ್ದೆಲ್ಲ ಇದೆ. ಆದ್ರೆ ಏಳು ಮೀಟರ್ ಉದ್ದದ ಗಾಡಿಗೆ ಗವಸು ಅಂದ್ರೆ ಜನ ನಗ್ತಾರಾ? ಮನೆಯಲ್ಲಿ ಓದಿ ತೋರಿಸಿದ್ರೆ ‘ಬಸ್ಸಿಗೆ ಗ್ಲೌಸ್ ಹಾಕ್ತೀರಾ’ ಅಂದ್ರು. ಇದೊಂದಕ್ಕೆ ನಿಮ್ಮ ಅಭಿಪ್ರಾಯ ಬೇಕೇ ಬೇಕು.

ಟಾರ್ಪಾಲಿನ ವಿಷಯ ಬಂದಿದ್ದಕ್ಕೆ ನಡುವೆ ಒಂದು ಮಾತು. ಕೆಲವ್ರು ತಾಡಪಾಲು ಅಂತಾರೆ, ಇನ್ನು ಕೆಲವ್ರು ತಾಡಪತ್ರಿ ಅಂತಾರೆ. ಇಂಗ್ಲಿಷಿನ ಟಾರ್ ಅಂದ್ರೆ ಡಾಂಬರು, ಡಾಂಬರು ಬಳಿದ ಬಟ್ಟೆಗೆ ಇಟ್ಟ ಹೆಸರು ನಮ್ಮ ಬಾಯಿಗೆ ಬಂದು ತಾಳೆಗರಿ ಆಗ್ಬಿಟ್ಟಿದೆ. ಪರಭಾಷೆ ಪದ ಹೀಗೆ ಹಳೇ ನೆಂಟನ ವೇಷ ಹಾಕ್ಕೊಂಡು ಬಂದ್ರೆ ನನಗೆ ಖುಷಿನೇ, ಕೈಪಿಡೀಲಿ ಮಾತ್ರ ಅದನ್ನ ಬೇಡದ ವಸ್ತು ಅಂತ ಬರೀಬೇಕಾಗಿದೆ.

ಎರಡನೇ ತೊಡಕು, ಬ್ರೀದಬಲ್ ಅನ್ನೋದಕ್ಕೆ. ಈ ಗಾಡಿ ಕವರ್‌ಗಳ ಬಟ್ಟೆ ಹೆಚ್ಚಾಗಿ ಪಾಲಿಪ್ರೊಪಿಲೀನ್‌ದು, ನೇಯ್ದಿರಲ್ಲ, ಸಣ್ಣ ಎಳೆಗಳನ್ನ ಬಿಸಿಯಲ್ಲಿ ಒತ್ತಿ ಅಂಟಿಸಿರ್ತಾರೆ, ಅಂಥ ಎರಡು ಮೂರು ಪದರ ಒಂದರ ಮೇಲೊಂದು. ಮಳೆ ಹನಿಯನ್ನ ಬಹುಮಟ್ಟಿಗೆ ತಡೆಯುತ್ತೆ, ಆದ್ರೆ ಒಳಗಿನ ನೀರಾವಿನ ಹೊರಗೆ ಬಿಡುತ್ತೆ. ‘ಉಸಿರಾಡುವ ಬಟ್ಟೆ’ ಅಂತ ಜಾಹೀರಾತುಗಳಲ್ಲಿ ನೋಡಿದ್ದೀನಿ, ನನಗೆ ಅದು ಬಟ್ಟೆಗೆ ಮೂಗು ಬಂದಂಗೆ ಕೇಳ್ಸುತ್ತೆ. ‘ಗಾಳಿಯಾಡುವ’ ಅಂದ್ರೆ ಸೊಗಸಾದ ಕನ್ನಡ, ಆದ್ರೆ ಗಾಳಿಯಾಡೋ ಕೋಣೆ ಅಂದ್ರೆ ಕಿಟಕಿ ದೊಡ್ಡದಿದೆ ಅಂತ ಅರ್ಥ, ಗಾಳಿಯಾಡೋ ಬಟ್ಟೆ ಅಂದ್ರೆ ಓದೋರು ತೆಳ್ಳಗಿನ ಜಾಳುಜಾಳು ಬಟ್ಟೆ ತರ್ತಾರೆ, ಮಳೆ ಸೀದಾ ಒಳಗೆ. ಸದ್ಯಕ್ಕೆ ‘ಹನಿ ತಡೆದು ಆವಿ ಬಿಡುವ ಬಟ್ಟೆ’ ಅಂತ ಬರೆದಿದ್ದೀನಿ. ಪದ ಅಲ್ಲ, ವಿವರಣೆ, ಗೊತ್ತು. ‘ಆವಿಹಾಯಿ’ ಅಂತ ಕಟ್ಬಹುದಾ? ಹಾಯಿದೋಣಿ ನೆನಪಾಗಿ ಕೆಡುತ್ತಾ?

ಆವಿ ಹೊರಗೆ ಹೋಗದಿದ್ರೆ ಏನಾಗುತ್ತೆ ಅನ್ನೋದನ್ನ ಹೇಳೋಕೆ ಪಠ್ಯಪುಸ್ತಕದ ‘ಸಾಂದ್ರೀಕರಣ’ ನನಗೆ ಬೇಡ. ಹಗಲಲ್ಲಿ ಕಾದು ರಾತ್ರಿ ತಣ್ಣಗಾದಾಗ ಒಳಗಿನ ಲೋಹದ ಚೌಕಟ್ಟಿನ ಮೇಲೆ, ಗಾಜಿನ ಮೇಲೆ ನೀರು ಕಟ್ಟುತ್ತಲ್ಲ, ಅದಕ್ಕೆ ‘ಗಾಡಿ ಒಳಗೊಳಗೇ ಬೆವರುತ್ತೆ’ ಅಂತ ಬರೆದೆ. ಒಬ್ರು ಓದಿ ಇದು ತುಂಬಾ ಕಾವ್ಯ ಆಯ್ತು ಅಂದ್ರು. ತಣ್ಣನೆ ನೀರಿನ ಚೊಂಬು ಬೆವರಿದೆ ಅಂತೀವಲ್ವಾ, ಅದ್ರಲ್ಲಿ ಕಾವ್ಯ ಎಲ್ಲಿಂದ ಬಂತು?

ಆ ಬೆವರಿಂದ ಆಗೋದಕ್ಕೆ ನಮ್ಮಲ್ಲಿ ಪದಗಳ ಬಡತನ ಇಲ್ಲ. ಕಣ್ಣಿಗೆ ಕಾಣೋದು ಬೂಷ್ಟು (ಬೂಸ್ಟು, ಬೂಜು, ಬೂಸು, ನಿಮ್ಮ ಮನೆಯಲ್ಲಿ ಯಾವುದು ಹೇಳ್ತೀರೋ ಅದು), ಮೂಗಿಗೆ ಬಡಿಯೋದು ಮುಗ್ಗಲು, ಚಾವಣಿ ಮೇಲೆ ಹಸಿರಾಗಿ ಕೂರೋದು ಪಾಚಿ. ಗಾಳಿಯ ತೇವ 60 ಪರ್ಸೆಂಟ್‌ಗಿಂತ ಕೆಳಗಿದ್ರೆ ಬೂಷ್ಟಿಗೆ ಬೆಳೆಯೋದು ಕಷ್ಟ, ಅದಕ್ಕೆ ಒಳಗೆ ತೇವ ಹೀರೋ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡ್ತಾರೆ, ಅದು ನೀರು ಹೀರಿ ಹೀರಿ ತಾನೇ ನೀರಾಗುತ್ತೆ, ಉಕ್ಕಿದ್ರೆ ಅದೊಂದು ರಾದ್ಧಾಂತ.

ನೀರು ಒಳಗೆ ಬರೋ ವಿಷಯಕ್ಕೆ ಬಂದ್ರೆ ಇಂಗ್ಲಿಷಲ್ಲಿ ಎಲ್ಲದಕ್ಕೂ ಲೀಕ್. ನಮ್ಮಲ್ಲಿ ಸೋರುತ್ತೆ, ತೊಟ್ಟಿಕ್ಕುತ್ತೆ, ಜಿನುಗುತ್ತೆ, ಒಸರುತ್ತೆ. ಮೊದ್ಲು ಸೋರುತ್ತೆ ಅಂತ ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಸೋರಿದ್ರೆ ಗೊತ್ತಾಗುತ್ತೆ, ಬಕೆಟ್ ಇಡಬಹುದು. ಮೋಟಾರ್‌ಹೋಮ್‌ನಲ್ಲಿ ಹಾಗಲ್ಲ, ಗಾಳಿಕಿಂಡಿ ಸುತ್ತ ಮೆತ್ತಿರೋ ಸೀಲೆಂಟ್ (ನೀರು ನುಗ್ಗದಂಗೆ ಸಂದಿಗೆ ತುಂಬೋ ಅಂಟು) ಬಿಸಿಲಿಗೆ ಕಾದು ಕಾದು ಒಣಗಿ ಕೂದಲೆಳೆಯಷ್ಟು ಬಾಯಿ ಬಿಡುತ್ತೆ, ಅಲ್ಲಿಂದ ನೀರು ಗೋಡೆಯ ಎರಡು ಹಲಗೆಗಳ ನಡುವೆ ಇಳಿದು ತಿಂಗಳುಗಟ್ಲೆ ಒಳಗಿನ ಮರನ ನೆನೆಸ್ತಾನೇ ಇರುತ್ತೆ, ಹೊರಗೆ ಏನೂ ಕಾಣಲ್ಲ, ಒಂದಿನ ಗೋಡೆ ಒತ್ತಿದ್ರೆ ಬೆರಳು ಒಳಗೆ ಹೋಗುತ್ತೆ. ಅದು ಒಸರೋದು. ‘ಚಾವಣಿಯ ಸಂದುಗಳಲ್ಲಿ ನೀರು ಒಸರದಂತೆ’ ಅಂತ ಬದಲಾಯಿಸಿದೆ, ಇದ್ರ ಬಗ್ಗೆ ನನಗೆ ಅನುಮಾನ ಇಲ್ಲ. ಸೀಲೆಂಟ್‌ಗೆ ಮಾತ್ರ ಒಳ್ಳೆ ನಾಮಪದ ಸಿಕ್ಕಿಲ್ಲ. ‘ಮೆತ್ತು’ ಕ್ರಿಯಾಪದ ಚೆನ್ನಾಗಿದೆ, ‘ಸಂದುಮೆತ್ತು’ ಅಂದ್ರೆ ಹೇಗೆ?

ಇನ್ನು ಬಿಸಿಲು. ಅಲ್ಟ್ರಾವಯಲೆಟ್‌ಗೆ ‘ನೇರಳಾತೀತ’ ಅಂತ ಶಾಲೆಯಲ್ಲಿ ಓದಿದ್ವಿ. ನೇರಳೆ ಕನ್ನಡ, ಅತೀತ ಸಂಸ್ಕೃತ, ಅರಿಸಮಾಸ ಅಂತ ಮೂಗು ಮುರಿಯೋರು ಮುರೀಲಿ, ಬಳಕೆಯಲ್ಲಿ ನಿಂತಿದೆ. ‘ಅತಿನೇರಳೆ’ನೂ ಇದೆ, ಆದ್ರೆ ಅದು ಕೇಳೋಕೆ ಬರೀ ಗಾಢ ನೇರಳೆ ಅನ್ನಂಗಿದೆ. ನನ್ನ ಸಮಸ್ಯೆ ಬೇರೆ, ಟೈಪ್ ಮಾಡೋವಾಗ ಒಂದು ಕಡೆ ‘ನೆರಳಾತೀತ’ ಅಂತ ಆಗ್ಬಿಟ್ಟಿತ್ತು. ತಿದ್ದೋಕೆ ಹೋಗಿ ಕೈ ನಿಂತು ಹೋಯ್ತು, ಯಾಕಂದ್ರೆ ತಪ್ಪೇ ನಿಜ ಹೇಳ್ತಿತ್ತು! 400 ನ್ಯಾನೋಮೀಟರ್‌ಗಿಂತ ಕಮ್ಮಿ ಅಲೆಯುದ್ದದ ಈ ಕಿರಣಗಳು ಆಕಾಶದಲ್ಲೆಲ್ಲ ಚದುರಿ ಬರ್ತವೆ, ನೇರ ಬಿಸಿಲು ಬೀಳದ ನೆರಳಲ್ಲೂ ಒಂದಷ್ಟು ಇದ್ದೇ ಇರ್ತವೆ. ನಮ್ಮ ಭಾಷೇಲಿ ನೆರಳು ಅಂದ್ರೆ ರಕ್ಷಣೆ, ‘ಅವರ ನೆರಳಲ್ಲಿ ಬೆಳೆದೋನು’ ಅಂತೀವಿ. ಅದಕ್ಕೆ ‘ನೆರಳಲ್ಲಿ ನಿಲ್ಲಿಸಿ’ ಅಂತ ಬರೆದ್ರೆ ಓದೋರು ಮರದ ಕೆಳಗೆ ನಿಲ್ಲಿಸಿ ನಿಶ್ಚಿಂತೆಯಾಗ್ತಾರೆ, ಮೇಲಿಂದ ಅಂಟು, ಎಲೆ, ಹಕ್ಕಿ ಹಿಕ್ಕೆ ಬಿದ್ದು ಚಾವಣಿ ಹಾಳಾಗುತ್ತೆ. ‘ಸೂರಿನಡಿ ನಿಲ್ಲಿಸಿ’ ಅಂತ ಮಾಡಿದೆ. ವಿಂಡ್‌ಸ್ಕ್ರೀನ್ ಮೇಲಿನ ಪರದೆಗೆ ‘ಮರೆ’ ಅಂತಲೇ ಇಟ್ಟಿದ್ದೀನಿ, ಗಾಜಿನ ಹೊರಗಡೆ ಮರೆ ಕಟ್ಟಿದ್ರೆ ಒಳಗೆ ಕಟ್ಟಿದ್ದಕ್ಕಿಂತ ಒಳ್ಳೇದು, ಗಾಜು ದಾಟಿ ಒಳಗೆ ಬಂದ ಬಿಸಿ ಅಲ್ಲೇ ಸಿಕ್ಕಾಕೊಳ್ಳುತ್ತೆ. (ಹೊರಡೋವಾಗ ಮರೆ ಬಿಚ್ಚೋದು ಮರೀಬೇಡಿ ಅಂತ ಒಂದು ಸಾಲು ಇತ್ತು, ನಾನೇ ನಾಚಿಕೊಂಡು ತೆಗೆದೆ.)

ಬಿಸಿಲಿಗೆ ಬಣ್ಣ ಹೋಗೋದಕ್ಕೆ ‘ಕಂದು’ ಅಂತ ಬರೆದಿದ್ದೆ, ‘ಮೈಬಣ್ಣ ಕಂದುತ್ತದೆ’. ಓದಿದೋರು ಬ್ರೌನ್ ಆಗುತ್ತಾ ಅಂತ ಕೇಳಿದ್ರು. ಮುಖ ಕಂದಿತು ಅನ್ನೋ ಬಳಕೆ ಈಗ ಪುಸ್ತಕದಲ್ಲಷ್ಟೇ ಉಳ್ಕೊಂಡಿರೋ ಹಂಗಿದೆ. ‘ಮಾಸು’ ಆಗಲ್ಲ, ಮಾಸಿದ ಬಟ್ಟೆ ಒಗೆದ್ರೆ ಸರಿ ಹೋಗುತ್ತೆ, ಇದು ಎಷ್ಟು ತೊಳೆದ್ರೂ ಬರಲ್ಲ. ಫೈಬರ್ ಮೈಯ ಜೆಲ್‌ಕೋಟ್ (ಮೇಲಿನ ನುಣುಪು ಪದರ) ಬಿಸಿಲಿಗೆ ಕೆಟ್ಟಾಗ ಅಂಗೈ ಸವರಿದ್ರೆ ಬಿಳಿ ಪುಡಿ ಹತ್ತುತ್ತೆ, ಇಂಗ್ಲಿಷಲ್ಲಿ ಚಾಕಿಂಗ್ ಅಂತಾರೆ. ಸೀಮೆಸುಣ್ಣದ ಲೆಕ್ಕ. ನನಗೆ ತಟ್ ಅಂತ ಬಂದಿದ್ದು ‘ಸುಣ್ಣ ಬಿಡುತ್ತೆ’, ಸುಣ್ಣ ಹೊಡೆದ ಗೋಡೆಗೆ ಒರಗಿ ಎದ್ರೆ ಬೆನ್ನಿಗೆಲ್ಲ ಹತ್ತಿರುತ್ತಲ್ಲ, ಅದೇ. ಗಾಡಿಯ ಮೈ ಸುಣ್ಣ ಬಿಡ್ತಿದೆ ಅಂದ್ರೆ ಅರ್ಥ ಆಗುತ್ತಾ ನಿಮಗೆ?

ಟಯರ್ ವಿಷಯ ಬೇಗ ಮುಗಿಸ್ತೀನಿ. ಟಯರ್ ರಬ್ಬರಲ್ಲಿ ಒಂಥರಾ ಮೇಣ ಸೇರಿಸಿರ್ತಾರೆ, ಓಡ್ತಾ ಇದ್ರೆ ಅದು ಹೊರಮೈಗೆ ಬಂದು, ಗಾಳಿಯಲ್ಲಿದ್ದು ರಬ್ಬರ್ ಕೆಡಿಸೋ ಓಜೋನ್ ತಾಗದಂಗೆ ಕಾಪಾಡುತ್ತೆ, ನಿಂತಲ್ಲೇ ನಿಂತ್ರೆ ಅಷ್ಟಾಗಿ ಬರಲ್ಲ, ಪಕ್ಕದ ಮೈ ಸಣ್ಣಸಣ್ಣಕೆ ಸೀಳುತ್ತೆ. ಇದನ್ನ ‘ಹಿಮ್ಮಡಿ ಒಡೆದಂತೆ’ ಅಂತ ಬರೆದೆ, ಎಲ್ರೂ ಒಪ್ಪಿದ್ರು. ಒಂದೇ ಜಾಗದಲ್ಲಿ ಭಾರ ಬಿದ್ದು ಕೆಳಭಾಗ ಚಪ್ಪಟೆ ಆಗೋದಕ್ಕೆ ‘ಟಯರ್ ಕೂತ್ಕೊಂಡಿದೆ’ ಅಂದ್ರೆ ಮಾತ್ರ ಗಾಳಿ ಹೋಗಿದೆ ಅನ್ಕೋತಾರೆ. ‘ಜಡ್ಡುಗಟ್ಟು’ ಅಂದ್ರೆ ಅತಿ ಆಯ್ತಾ?

ಕೊನೇದಾಗಿ ಕೈಪಿಡಿ ಹೆಸರೇ ಇನ್ನೂ ಇಟ್ಟಿಲ್ಲ. ‘ಮೋಟಾರ್‌ಹೋಮ್ ಸಂಗ್ರಹಣೆ’ ಅಂದ್ರೆ ಯಾರೋ ಹತ್ತಾರು ಗಾಡಿ ಕೂಡಿಡ್ತಿದ್ದಾರೆ ಅನ್ಸುತ್ತೆ, ‘ದಾಸ್ತಾನು’ ಅಂದ್ರೆ ಗೋಡೌನು. ‘ನಿಲುಗಡೆ’ ಅಂದ್ರೆ ಪಾರ್ಕಿಂಗು, ಎರಡು ಗಂಟೆಯ ಲೆಕ್ಕ. ‘ತಂಗು’ ಇಷ್ಟ ಆಯ್ತು, ಮತ್ತೆ ಹೊರಡೋದಿದೆ ಅನ್ನೋ ಭಾವ ಅದ್ರೊಳಗೇ ಇದೆ, ‘ತಂಗಿರುವ ಗಾಡಿಯ ಆರೈಕೆ’ ಅಂತ. ಆದ್ರೆ ತಂಗೋದು ಮನುಷ್ಯರು, ಗಾಡಿ ತಂಗುತ್ತಾ ಅಂತ ಒಬ್ರು ಆಗ್ಲೇ ತಕರಾರು ತೆಗೆದಿದ್ದಾರೆ. ಗಾಡಿಗೆ ಮನೆಗಾಡಿ ಅನ್ಬೇಕಾ ಗಾಡಿಮನೆ ಅನ್ಬೇಕಾ ಅನ್ನೋ ಜಗಳ ಇನ್ನೊಂದಿನ ಇಟ್ಕೊಳ್ಳೋಣ, ನನ್ನ ಪಕ್ಷ ಮನೆಗಾಡಿ, ಕೊನೆಗೆ ಅದು ಗಾಡಿನೇ ತಾನೆ.

ಎಲ್ಲದಕ್ಕೂ ಉತ್ತರ ಬರೆಯೋಕೆ ಪುರುಸೊತ್ತಿಲ್ಲದಿದ್ರೆ ಗವಸು ಒಂದರ ಬಗ್ಗೆ ಹೇಳಿ ಸಾಕು. ಭಾನುವಾರ ಕರಡು ಮತ್ತೆ ಆ ಸ್ನೇಹಿತರ ಕೈಗೆ ಹೋಗುತ್ತೆ, ಈ ಸಲ ಅವರು ಓದಿದ್ದನ್ನ ಹಾಗೇ ಮಾಡ್ತಾರೆ ಅಂತ ಗೊತ್ತಿದ್ದೇ ಕೊಡ್ತಿದ್ದೀನಿ.