ಹೊಂಗೆ ಎಲೆ ಉದುರಲು ಶುರು: ಈ ಸಲ ಚೀಲ ಕಟ್ಟಿ ಗೇಟಿಗೆ ಇಡೋದು ಬೇಡ

ಮನೆ 27, 2ನೇ ಕ್ರಾಸ್
ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಬಂತು, ಹೊಂಗೆ ಬೋಳಾಗ್ತಿದೆ. ಬೆಳಿಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಹಾಗೇ. ತರಗೆಲೆ ತುಂಬಿದ ಪ್ಲಾಸ್ಟಿಕ್ ಚೀಲಗಳು ಪಾರ್ಕ್ ಗೇಟಿನ ಹತ್ತಿರ ಸಾಲಾಗಿ ಬಿದ್ದಿವೆ, ಕಸದ ಆಟೋದವರು ಮುಟ್ಟುತ್ತಿಲ್ಲ. ನಿನ್ನೆ 3ನೇ ಕ್ರಾಸ್ ಕೊನೆಯಲ್ಲಿ ಯಾರೋ ಬೆಂಕಿ ಬೇರೆ ಹಾಕಿದ್ದಾರೆ. ಪಾರ್ಕಿನ ಪಂಪ್‌ಹೌಸ್ ಹಿಂದಿನ ಮೂಲೆ ಖಾಲಿ ಇದೆ. ಅಲ್ಲಿ ಎಲೆಗೊಬ್ಬರದ ಪಂಜರ, ಅಂದ್ರೆ ಎಲೆ ತುಂಬಿ ಕೊಳೆಸೋ ತಂತಿ ಜಾಲರಿಯ ಗೂಡು, ಹಾಕೋಣ ಅಂತ ಪ್ರಸ್ತಾಪ. ಯಾರಿಗೆ ಏನು ಗೊತ್ತೋ ಇಲ್ಲಿ ಬರೀರಿ.

ಮನೆ 8, ಮೇನ್ ರೋಡ್
ಮೊದಲು ಬೆಂಕಿ ವಿಷಯ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಮಾಡಿದೆ. ದಂಡದ ಮಾತು ಬಿಡಿ, ನಾವು ಬೆಂಕಿ ಹಾಕೋದು ಮರದ ಬುಡದಲ್ಲೇ. ತೊಗಟೆ ಕೆಳಗಿನ ಜೀವಂತ ಪದರ ಬಿಸಿಗೆ ಸತ್ತರೆ ಆ ಕಡೆ ಮರ ಟೊಳ್ಳಾಗುತ್ತೆ. ಆಮೇಲೆ ಮೇ ತಿಂಗಳ ಗಾಳಿಗೆ ಅದೇ ಮರ ಕಾರಿನ ಮೇಲೆ.

ಮನೆ 41, 3ನೇ ಕ್ರಾಸ್
ಸಂಘದ ದುಡ್ಡಲ್ಲಿ ಗಾಳಿ ಊದಿ ಎಲೆ ತಳ್ಳೋ ಬ್ಲೋವರ್ ಒಂದು ತರಿಸಬಾರದಾ ಸರ್? ಕೆಲಸ ಸಲೀಸು.

ಮನೆ 15, 2ನೇ ಕ್ರಾಸ್
ಬೇಡ ಮೇಡಂ. ಬ್ಲೋವರ್ ಎಲೆಯನ್ನ ನಿಮ್ಮ ಅಂಗಳದಿಂದ ಮೋರಿಗೆ ಕಳಿಸುತ್ತೆ ಅಷ್ಟೇ, ಜೊತೆಗೆ ಈ ಬೇಸಿಗೆಯ ಧೂಳು ಎದುರು ಮನೆಗೆ. ಸಿಮೆಂಟು, ಟೈಲ್ಸ್ ನೆಲಕ್ಕೆ ಉದ್ದ ಬಿದಿರು ಹಿಡಿ ಕಟ್ಟಿದ ಕಡ್ಡಿ ಪೊರಕೆ ಸಾಕು, ಬೆನ್ನು ಬಗ್ಗಿಸಬೇಕಿಲ್ಲ. ಹುಲ್ಲಿನ ಮೇಲೆ ಮಾತ್ರ ಬೀಸಣಿಗೆ ಆಕಾರದ ಪ್ಲಾಸ್ಟಿಕ್ ರೇಕ್. ಕಬ್ಬಿಣದ್ದು ಹುಲ್ಲಿನ ಬೇರು ಕಿತ್ತು ಹಾಕುತ್ತೆ.

ಮೊರದಲ್ಲಿ ಎತ್ತಿ ಎತ್ತಿ ಚೀಲಕ್ಕೆ ತುಂಬೋದೇ ನಿಜವಾದ ತಾಪತ್ರಯ. 4×6 ಅಡಿ ಟಾರ್ಪಾಲ್ ಅಥವಾ ಹಳೇ ಬೆಡ್‌ಶೀಟ್ ಹಾಸಿ, ಅದರ ಮೇಲಕ್ಕೇ ಗುಡಿಸಿ, ನಾಲ್ಕು ಮೂಲೆ ಹಿಡಿದು ಎಳಕೊಂಡು ಹೋಗಿ. ಗುಡಿಸೋದು ಬೆಳಿಗ್ಗೆ ಇಬ್ಬನಿ ಇರುವಾಗ, ಧೂಳು ಏಳಲ್ಲ. ಪುಡಿ ಮಾಡೋದು ಮಧ್ಯಾಹ್ನ ಎರಡು ಗಂಟೆ ಬಿಸಿಲಿಗೆ: ಎಲೆ ಹಪ್ಪಳದ ಹಾಗೆ ಗರಿಗರಿ ಆಗಿರುತ್ತೆ, ಗೋಣಿಚೀಲಕ್ಕೆ ಅರ್ಧ ತುಂಬಿ ಬಾಯಿ ಕಟ್ಟಿ ತುಳಿದರೆ ಮೂರು ಚೀಲದ ಎಲೆ ಒಂದು ಚೀಲಕ್ಕೆ ಬರುತ್ತೆ. ಬೆಳಿಗ್ಗೆ ತುಳಿದರೆ ಚರ್ಮದ ಹಾಗೆ ಮಡಚಿಕೊಳ್ಳುತ್ತೆ, ಒಡೆಯಲ್ಲ.

ಮನೆ 33, 1ನೇ ಕ್ರಾಸ್
ಪಂಜರಕ್ಕೆ ಹೋಗೋ ಮುಂಚೆ ಒಂದು ಮಾತು. ಅಂಗಳದಲ್ಲಿ ಮಣ್ಣು ಇರೋರು ಎಲೆ ಹೊರಗೆ ಕಳಿಸಲೇಬೇಡಿ. ಗಿಡದ ಪಾತಿಗೆ 3 ಇಂಚು ದಪ್ಪ ಹರಡಿ, ಕಾಂಡದಿಂದ ಒಂದು ಗೇಣು ಬಿಟ್ಟು. ಕಾಂಡಕ್ಕೆ ಒತ್ತಿ ಹಾಕಿದರೆ ಬುಡ ಕೊಳೆಯುತ್ತೆ, ಎಲ್ಲರೂ ಮಾಡೋ ತಪ್ಪು ಅದೇ. ಹರಡೋ ಮುಂಚೆ ಪಾತಿಗೆ ಚೆನ್ನಾಗಿ ನೀರು ಬಿಡಿ. ಒಣ ಮಣ್ಣಿನ ಮೇಲೆ ಒಣ ಎಲೆ ಹಾಕಿದರೆ ಮೇಲೆ ಹಾಕಿದ ನೀರನ್ನ ಎಲೆಯೇ ಕುಡಿಯುತ್ತೆ. ಕುಂಡಕ್ಕೆ ಪುಡಿ ಎಲೆ ಒಂದು ಇಂಚು ಸಾಕು.

ಮನೆ 27, 2ನೇ ಕ್ರಾಸ್
ಪಂಜರದ ಅಳತೆ ಯಾರಾದರೂ ಸರಿಯಾಗಿ ಹೇಳಿ, ಇವತ್ತೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬರ್ತೀನಿ.

ಮನೆ 15, 2ನೇ ಕ್ರಾಸ್
4 ಅಡಿ ಅಗಲದ, ಒಂದು ಇಂಚು ಕಣ್ಣಿನ ವೆಲ್ಡ್ ಮೆಶ್, ಪಂಜರಕ್ಕೆ 10 ಅಡಿ ಉದ್ದ. ಸುತ್ತಿ ಅರ್ಧ ಅಡಿ ಒಂದರ ಮೇಲೊಂದು ಬರೋ ಹಾಗೆ ಬೈಂಡಿಂಗ್ ವೈರಲ್ಲಿ ಕಟ್ಟಿದರೆ 3 ಅಡಿ ವ್ಯಾಸದ ಪಂಜರ. ಕೋಳಿ ಜಾಲರಿ ತರಬೇಡಿ, ಎಲೆ ತುಳಿದ ಕೂಡಲೇ ಹೊಟ್ಟೆ ಬಿಡುತ್ತೆ. ಮೂರು ಅಡಿಗಿಂತ ಚಿಕ್ಕದು ಮಾಡಿದರೆ ಒಳಗೆ ಕಾವು ನಿಲ್ಲಲ್ಲ. ನೆಲ ಮಣ್ಣಿರಲಿ. ಕಾಂಪೌಂಡ್ ಗೋಡೆಯಿಂದ 3 ಅಡಿ ದೂರ ಇಡಿ, ಸುತ್ತ ಓಡಾಡಬೇಕು.

ತುಂಬೋದು ಹೀಗೆ. ತಳಕ್ಕೆ ಅರ್ಧ ಅಡಿ ಪುಳ್ಳೆ ಕಡ್ಡಿ, ಗಾಳಿ ಆಡಲಿಕ್ಕೆ. ಅದರ ಮೇಲೆ ಒಂದು ಅಡಿ ಪುಡಿ ಎಲೆ, ತುಳಿಯಿರಿ, ಒಂದು ಬಕೆಟ್ ಸಗಣಿ ಬಗ್ಗಡ (10 ಲೀಟರ್ ನೀರಿಗೆ 1 ಕೆಜಿ ಹಸಿ ಸಗಣಿ, ಒಂದು ಲೋಟ ಹುಳಿ ಮಜ್ಜಿಗೆ). ಮತ್ತೆ ಎಲೆ, ಮತ್ತೆ ಬಗ್ಗಡ. ಲೆಕ್ಕ ಸುಲಭ: 40 ಕೆಜಿ ಒಣ ಎಲೆಗೆ ಹತ್ತಿರ ಹತ್ತಿರ 40 ಲೀಟರ್ ನೀರು ಬೇಕು.

ಪೂರ್ತಿ ತುಂಬಿ ಕೊನೆಗೆ ಮೇಲಿಂದ ಪೈಪ್ ಬಿಡೋರು ಇಲ್ಲೇ ಸೋಲೋದು. ಎಲೆ ಮೇಲೆ ಮೇಣದ ಪದರ ಇರುತ್ತೆ, ನೀರು ಅಂಚಿನಿಂದ ಜಾರಿ ಹೊರಗೆ ಹೋಗುತ್ತೆ. ಮೂರು ತಿಂಗಳಾದ ಮೇಲೆ ತೆಗೆದು ನೋಡಿದರೆ ನಡುವಿನ ಎಲೆ ಮೊನ್ನೆ ಉದುರಿದ ಹಾಗೇ ಇರುತ್ತೆ, ಗೆದ್ದಲು ಬೇರೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ: ಒಂದೆರಡು ಹನಿ ಬಂದರೆ ಸರಿ. ಧಾರೆ ಬಂದರೆ ಹೆಚ್ಚಾಯ್ತು, ನಾರುತ್ತೆ, ಒಣ ಎಲೆ ಬೆರೆಸಿ. ಅಂಗೈ ಒದ್ದೆಯೇ ಆಗದಿದ್ದರೆ ಇನ್ನೊಂದು ಬಕೆಟ್.

15 ದಿನಕ್ಕೊಮ್ಮೆ ಪಂಜರ ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿ, ಹೊರಗಿನದು ಒಳಗೆ ಬರೋ ಹಾಗೆ ತುಂಬಿ. ಹೊಂಗೆ, ಮಳೆಮರದ ಎಲೆ ಮೂರು ತಿಂಗಳಿಗೆ ಗೊಬ್ಬರ. ಮಾವು, ಹಲಸು, ಮಹಾಗನಿ ಬೇರೆ ಪಂಜರಕ್ಕೆ ಹಾಕಿ, ಅವು ಆರು ತಿಂಗಳೂ ತಗೊಳ್ಳುತ್ತವೆ. ಬೀಜ ಕಟ್ಟಿದ ಕಾಂಗ್ರೆಸ್ ಗಿಡ ಯಾವುದಕ್ಕೂ ಬೇಡ.

ಮನೆ 41, 3ನೇ ಕ್ರಾಸ್
ಹೊಂಗೆ ಎಲೆ ಮೇಲೆ ಗುಳ್ಳೆ ಗುಳ್ಳೆ ಇರುತ್ತಲ್ಲ, ಆ ರೋಗ ಗೊಬ್ಬರದ ಮೂಲಕ ನಮ್ಮ ಗುಲಾಬಿಗೆ ಬರಲ್ವಾ? ಮತ್ತೆ ಹಾವಿನ ಭಯ.

ಮನೆ 33, 1ನೇ ಕ್ರಾಸ್
ಬರಲ್ಲ ಮೇಡಂ. ಅದು ಕಣ್ಣಿಗೆ ಕಾಣದ ನುಸಿ ಮಾಡೋ ಗಂಟು, ಜೀವಂತ ಹೊಂಗೆ ಎಲೆಯಲ್ಲೇ ಅದರ ಸಂಸಾರ. ಎಲೆ ಒಣಗಿದರೆ ಮುಗೀತು. ಹಾವು ಸೇರೋದು ತಿಂಗಳುಗಟ್ಟಲೆ ಮುಟ್ಟದ ಒಣ ರಾಶಿಗೆ, ಅದರಲ್ಲೂ ಇಲಿ ಇದ್ದರೆ. ಆದ್ದರಿಂದ ಅಡುಗೆಮನೆ ಉಳಿಕೆ ಈ ಪಂಜರಕ್ಕೆ ಹಾಕಲೇಬೇಡಿ. ಮಗುಚೋವಾಗ ಬಿಳಿ ಗೊಣ್ಣೆಹುಳು ಸಿಕ್ಕರೆ ಆರಿಸಿ ತೆಗೀರಿ, ತೆಂಗಿನ ಕುರುವಾಯಿ ದುಂಬಿಯ ಮರಿಯೂ ಹೀಗೇ ಗೊಬ್ಬರದಲ್ಲೇ ಬೆಳೆಯೋದು.

ಮನೆ 8, ಮೇನ್ ರೋಡ್
ಮನೆ ಎಲೆ, ರಸ್ತೆ ಎಲೆ ಬೆರೆಸಬೇಡಿ. ರಸ್ತೆಯದರಲ್ಲಿ ಗುಟ್ಕಾ ಪೊಟ್ಟಣ, ಗಾಜಿನ ಚೂರು ಇರುತ್ತೆ, ಬರಿಗೈಲಿ ಮಗುಚೋ ಹಾಗಿಲ್ಲ. ಪೌರಕಾರ್ಮಿಕ ಅಕ್ಕಂದಿರಿಗೆ ಗೋಣಿಚೀಲ ನಾವೇ ಕೊಡೋಣ, ಮೋರಿಗೆ ತಳ್ಳೋದು ತಪ್ಪುತ್ತೆ. ಏಪ್ರಿಲ್ ಮಳೆಗೆ ಮುಂಚೆ ರಸ್ತೆ ಬದಿ ಮೋರಿ ಬಾಯಿಗಳನ್ನೂ ನೋಡಬೇಕು. ಟೆರೇಸಿನ ಮಳೆನೀರು ಪೈಪಿಗೆ ಚಪ್ಪಟೆ ಜಾಲರಿ ಇರೋರು ಗುಮ್ಮಟದ ಥರದ್ದು ಹಾಕಿಸಿಕೊಳ್ಳಿ. ಚಪ್ಪಟೆ ಜಾಲರಿ ಮೇಲೆ ನಾಲ್ಕು ಎಲೆ ಕೂತರೆ ಸಾಕು, ಟೆರೇಸು ಕೆರೆ.

ಮನೆ 27, 2ನೇ ಕ್ರಾಸ್
ಹಾಗಾದರೆ ಭಾನುವಾರ ಬೆಳಿಗ್ಗೆ 7ಕ್ಕೆ ಪಂಪ್‌ಹೌಸ್ ಹಿಂದೆ. ಮೆಶ್ 20 ಅಡಿ, ಎರಡು ಪಂಜರಕ್ಕೆ, ನಾನು ತರ್ತೀನಿ. ಕಟಿಂಗ್ ಪ್ಲೇಯರ್ ಯಾರ ಹತ್ತಿರ ಇದೆ? ಸಗಣಿ 8 ಕೆಜಿ ಬೇಕು, ಹಾಲಿನವರಿಗೆ ಇವತ್ತೇ ಹೇಳಬೇಕು.

ಮನೆ 33, 1ನೇ ಕ್ರಾಸ್
ಪ್ಲೇಯರ್, ಎರಡು ಬಕೆಟ್ ನನ್ನದು. ಹಾಲಿನವರಿಗೂ ಹೇಳ್ತೀನಿ. ಗೇಟಿನ ಹತ್ತಿರ ಇರೋ ಪ್ಲಾಸ್ಟಿಕ್ ಚೀಲಗಳನ್ನ ಶನಿವಾರವೇ ಬಿಚ್ಚಿ ಬಿಸಿಲಿಗೆ ಹರವಿ, ಒಳಗೆ ಬೆವತು ಮುದ್ದೆ ಆಗಿರುತ್ತೆ.

ಮನೆ 41, 3ನೇ ಕ್ರಾಸ್
ಹುಳಿ ಮಜ್ಜಿಗೆ ನಮ್ಮ ಮನೆಯಿಂದ. ಎಷ್ಟು ಲೋಟ?

ಮನೆ 15, 2ನೇ ಕ್ರಾಸ್
ಎಂಟು, ಮೇಡಂ. ಉಪ್ಪು ಹಾಕದೇ ಇರೋದು.